ಹಲ್ಲಿನ ಎಕ್ಸ್‌ರೇ ರೋಗಿಯ ಜೊತೆ ಗಡಿ ದಾಟಲಿ

ಮಾನ್ಯ ಸಂಪಾದಕರೇ,

ಉದ್ಯೋಗಕ್ಕೋ ಓದಿಗೋ ಹೊರದೇಶಕ್ಕೆ ಹೊರಟವರು ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ಲಸಿಕೆಯ ಚೀಟಿ, ಕನ್ನಡಕದ ನಂಬರು ಎಲ್ಲವನ್ನೂ ಒಂದು ಕಡತದಲ್ಲಿ ಜೋಡಿಸಿಕೊಳ್ಳುತ್ತಾರೆ. ಹಲ್ಲಿನ ಎಕ್ಸ್‌ರೇ ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ನನಗೂ ಬಂದಿರಲಿಲ್ಲ. 14 ವರ್ಷಗಳಲ್ಲಿ ಮೂರು ದೇಶಗಳಲ್ಲಿ ಬಾಳಿ, ಐವರು ದಂತವೈದ್ಯರ ಕುರ್ಚಿಯಲ್ಲಿ ಕುಳಿತೆದ್ದ ಮೇಲೆ ಈ ಮರೆವು ಎಷ್ಟು ದುಬಾರಿ ಎಂಬುದು ಅರ್ಥವಾಯಿತು. ನಾನು ವೈದ್ಯನಲ್ಲ, ಬರೀ ರೋಗಿ. ಆದರೆ ಈ ವಿಷಯದಲ್ಲಿ ವೈದ್ಯರಿಗಿಂತ ರೋಗಿಯೇ ಎಚ್ಚರದಿಂದಿರಬೇಕಾಗಿದೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಎರಡನೆಯ ದೇಶದಲ್ಲಿದ್ದಾಗ ನನ್ನ ಕೆಳದವಡೆಯ ಎಡಬದಿಯ ಮೊದಲ ದವಡೆಹಲ್ಲಿಗೆ ಬೇರುನಾಳ ಚಿಕಿತ್ಸೆ, ಅಂದರೆ ಎಲ್ಲರೂ ರೂಟ್ ಕೆನಾಲ್ ಎನ್ನುವುದು, ಆಗಿತ್ತು. ಎರಡು ವರ್ಷ ಕಳೆದು ಮೂರನೆಯ ದೇಶದಲ್ಲಿ ಬೇರೊಂದು ಹಲ್ಲಿನ ತಪಾಸಣೆಗೆಂದು ಹೋದಾಗ, ಹೊಸ ವೈದ್ಯೆ ತೆಗೆದ ಎಕ್ಸ್‌ರೇಯಲ್ಲಿ ಆ ಹಳೆಯ ಹಲ್ಲಿನ ಬೇರಿನ ತುದಿಯ ಸುತ್ತ ಗುಂಡುಸೂಜಿಯ ತಲೆಯಷ್ಟು ದೊಡ್ಡ ಕಪ್ಪು ನೆರಳೊಂದು ಕಂಡಿತು. ಮೂಳೆ ಸವೆದ ಕಡೆ ಎಕ್ಸ್‌ರೇ ಕಪ್ಪಾಗಿ ಕಾಣುತ್ತದೆ. ಇದು ಬೆಳೆಯುತ್ತಿರುವ ಸೋಂಕೋ, ಮಾಯುತ್ತಿರುವ ಹಳೆಯ ಗಾಯವೋ ಎಂದು ಒಂದೇ ಚಿತ್ರ ನೋಡಿ ಹೇಳಲಾರೆ, ಚಿಕಿತ್ಸೆ ಮುಗಿದ ದಿನ ತೆಗೆದ ಚಿತ್ರ ನಿಮ್ಮ ಬಳಿ ಇದೆಯೇ ಎಂದು ಅವರು ಕೇಳಿದರು. ಇರಲಿಲ್ಲ. ಹಳೆಯ ಚಿಕಿತ್ಸಾಲಯಕ್ಕೆ ಮೇಲಿಂದ ಮೇಲೆ ಇ-ಮೇಲ್ ಬರೆದು ಏಳು ವಾರ ಕಾದ ಮೇಲೆ ಅಲ್ಲಿಂದ ಬಂದದ್ದು ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಹಿಡಿದ ಒಂದು ಫೋಟೋ. ಅದರಲ್ಲಿ ಚಾವಣಿಯ ದೀಪದ ಪ್ರತಿಬಿಂಬ ಸರಿಯಾಗಿ ಆ ಬೇರಿನ ತುದಿಯ ಮೇಲೆಯೇ ಬಿದ್ದಿತ್ತು, ದಿನಾಂಕವೂ ಇರಲಿಲ್ಲ. ಮತ್ತೆರಡು ಪತ್ರಗಳ ಬಳಿಕ ಮೂಲ ಕಡತ ಬಂತು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಹಳೆಯ ನೆರಳು ಹೊಸದರ ಎರಡರಷ್ಟಿದ್ದುದು ನನ್ನಂಥವನ ಕಣ್ಣಿಗೂ ಕಂಡಿತು. ಗಾಯ ಮಾಯುತ್ತಿತ್ತು. ಆ ಹಲ್ಲಿಗೆ ಏನನ್ನೂ ಮಾಡಬೇಕಾಗಿರಲಿಲ್ಲ, ಕಾಯಬೇಕಿತ್ತು ಅಷ್ಟೇ. ಕಡತ ಸಿಗದೇ ಹೋಗಿದ್ದರೆ ಹಲ್ಲಿನ ಮೇಲೆ ಹೊದಿಸಿದ ಕವಚವನ್ನು, ಅಂದರೆ ಕ್ರೌನನ್ನು, ಕೊರೆದು ಒಳಗಿನ ಚಿಕಿತ್ಸೆಯನ್ನೆಲ್ಲ ಮತ್ತೆ ಮಾಡುವ ಮಾತು ಆಗಲೇ ನಡೆದಿತ್ತು.

ಇದು ನನ್ನೊಬ್ಬನ ಹಲ್ಲಿನ ಕಥೆಯಾಗಿದ್ದರೆ ತಮ್ಮ ಪುಟದ ಜಾಗ ಕೇಳುತ್ತಿರಲಿಲ್ಲ. ಬೇರಿನ ತುದಿಯಲ್ಲಿ ಕರಗಿದ ಮೂಳೆ ಮತ್ತೆ ತುಂಬಿಕೊಳ್ಳುವುದು ಬಹಳ ನಿಧಾನದ ಕೆಲಸ. ಚಿಕಿತ್ಸೆಯಾದ ಒಂದು ವರ್ಷದ ನಂತರ ಎಕ್ಸ್‌ರೇ ತೆಗೆದು ನೋಡಬೇಕು, ಪೂರ್ತಿ ಮಾಯದಿದ್ದರೆ ನಾಲ್ಕು ವರ್ಷಗಳವರೆಗೂ ಗಮನಿಸಬೇಕು ಎಂದು ಬೇರುನಾಳ ಚಿಕಿತ್ಸೆಯ ತಜ್ಞರ ಸಂಘವಾದ ಯುರೋಪಿಯನ್ ಸೊಸೈಟಿ ಆಫ್ ಎಂಡೋಡಾಂಟಾಲಜಿಯ ಮಾರ್ಗಸೂಚಿ ಹೇಳುತ್ತದೆ. ಉದ್ಯೋಗದ ಒಪ್ಪಂದದ ಮೇಲೆ ಪರದೇಶದಲ್ಲಿರುವ ಎಷ್ಟು ಜನ ನಾಲ್ಕು ವರ್ಷ ಒಂದೇ ವೈದ್ಯರ ಬಳಿ ಹೋಗುತ್ತಾರೆ? ಎರಡು ಹಲ್ಲುಗಳ ನಡುವೆ ಹುಟ್ಟುವ ಹುಳುಕಿನದೂ ಇದೇ ಪಾಡು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ದಾಟದ ಸಣ್ಣ ಹುಳುಕನ್ನು ಇಂದು ಒಳ್ಳೆಯ ವೈದ್ಯರು ಕೂಡಲೇ ಕೊರೆಯುವುದಿಲ್ಲ. ಫ್ಲೋರೈಡ್ ಹಚ್ಚಿ, ತಿಂಗಳುಗಟ್ಟಲೆ ಕಾದು, ಮುಂದಿನ ಚಿತ್ರದಲ್ಲಿ ಅದು ಬೆಳೆದಿದೆಯೇ ಎಂದು ನೋಡುತ್ತಾರೆ. ಕಾಯುವ ಧೈರ್ಯ ಬರುವುದು ಹಳೆಯ ಚಿತ್ರ ಕೈಯಲ್ಲಿದ್ದಾಗ. ಇಲ್ಲದಿದ್ದರೆ, ಈ ರೋಗಿ ಮತ್ತೆ ಬರುತ್ತಾನೋ ಇಲ್ಲವೋ ಎಂದು ತಿಳಿಯದ ವೈದ್ಯ ಕೊರೆಯುವ ಯಂತ್ರಕ್ಕೆ ಕೈ ಹಾಕಿದರೆ ಅವನನ್ನು ಪೂರ್ತಿ ದೂರಲಾಗದು. ವಸಡಿನ ಕಾಯಿಲೆಯಲ್ಲಿ ಹಲ್ಲಿನ ಸುತ್ತಲ ಮೂಳೆ ಎಷ್ಟು ಇಳಿದಿದೆ ಎನ್ನುವುದರಷ್ಟೇ ಎಷ್ಟು ಬೇಗ ಇಳಿಯುತ್ತಿದೆ ಎನ್ನುವುದೂ ಮುಖ್ಯ, ಮತ್ತು ವೇಗವನ್ನು ತಿಳಿಯಲು ಎರಡು ಚಿತ್ರ ಬೇಕೇ ಬೇಕು. ಒಂದೇ ಊರಿನಲ್ಲಿ ಒಬ್ಬರೇ ವೈದ್ಯರ ಬಳಿ ಹೋಗುವ ಸ್ಥಳೀಯ ನಿವಾಸಿಗೆ ಈ ಹೋಲಿಕೆ ಕೇಳದೆಯೇ ದಕ್ಕುತ್ತದೆ. ಅಲೆಮಾರಿಯಾದ ನಮಗೆ ದಕ್ಕುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. 1896ರ ಆರಂಭದಲ್ಲೇ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕ್‌ಹಾಫ್ ತನ್ನದೇ ಹಲ್ಲುಗಳ ಚಿತ್ರ ತೆಗೆಯಲು 25 ನಿಮಿಷ ಕಿರಣದ ಮುಂದೆ ಅಲುಗಾಡದೆ ಮಲಗಿದ್ದ. ಅಲ್ಲಿಂದ ಸುಮಾರು 90 ವರ್ಷ ಹಲ್ಲಿನ ಎಕ್ಸ್‌ರೇ ಎಂದರೆ ಫಿಲ್ಮ್, ಕತ್ತಲಕೋಣೆ, ರಾಸಾಯನಿಕದ ವಾಸನೆ. ಆ ಅಂಚೆಚೀಟಿಯಷ್ಟಗಲದ ಫಿಲ್ಮನ್ನು ಕೇಳಿದರೆ ಲಕೋಟೆಯಲ್ಲಿಟ್ಟು ಕೊಡುತ್ತಿದ್ದರು. ಅದು ರೋಗಿಯ ಜೇಬಿನಲ್ಲಿ ಊರೂರು ತಿರುಗುತ್ತಿತ್ತು. 1987ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮೊಯೆನ್ ರೂಪಿಸಿದ ರೇಡಿಯೋವಿಸಿಯೋಗ್ರಫಿ ಬಂದು ಬಾಯೊಳಗಿನ ಸೆನ್ಸರ್ ಫಿಲ್ಮಿನ ಜಾಗ ಹಿಡಿಯತೊಡಗಿತು. ಇಂದಿಗೂ ಎಷ್ಟೋ ದಂತವೈದ್ಯರು ಎಕ್ಸ್‌ರೇ ಎನ್ನದೆ ಒಂದು ಆರ್‌ವಿಜಿ ತೆಗೆಯೋಣ ಎನ್ನುವುದು ಅದರ ಹೆಸರಿನಿಂದಲೇ. ಚಿತ್ರ ಕೆಲವೇ ಸೆಕೆಂಡುಗಳಲ್ಲಿ ಪರದೆಯ ಮೇಲೆ ಮೂಡುತ್ತದೆ, ಬೇಕಾದರೆ ಮರುಕ್ಷಣವೇ ಭೂಮಿಯ ಇನ್ನೊಂದು ತುದಿಗೆ ಹೋಗಬಲ್ಲದು. ಆದರೆ ಹೋಗುವುದಿಲ್ಲ. ಜೇಬಿನಲ್ಲಿ ತಿರುಗುತ್ತಿದ್ದ ಫಿಲ್ಮ್ ಹೋಗಿ, ಚಿಕಿತ್ಸಾಲಯದ ಕಂಪ್ಯೂಟರಿನಿಂದ ಹೊರಗೆ ಬಾರದ ಕಡತ ಬಂದಿದೆ. ವೈದ್ಯರು ನಿವೃತ್ತರಾದರೆ, ತಂತ್ರಾಂಶ ಬದಲಾದರೆ, ದಾಖಲೆ ಇಡಬೇಕಾದ ಅವಧಿ ಮುಗಿದರೆ ಅದು ಅಲ್ಲಿಯೇ ಅಳಿದುಹೋಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಒಂದೇ: ಎಕ್ಸ್‌ರೇ ತೆಗೆಸಿಕೊಂಡ ದಿನವೇ, ಕುರ್ಚಿಯಿಂದ ಇಳಿದು ಹೊರಬರುವ ಮುನ್ನವೇ, ಅದರ ಮೂಲ ಕಡತವನ್ನು ಕೇಳಿ ಪಡೆಯಿರಿ. ದೇಶ ಬಿಡುವ ವಾರ ಕೇಳಿದರಾಯಿತು ಎಂದುಕೊಂಡರೆ ಆ ವಾರದಲ್ಲಿ ಅದಕ್ಕೆ ಬಿಡುವಿರುವುದಿಲ್ಲ, ಇದು ಅನುಭವದ ಮಾತು.

ಮೂಲ ಕಡತ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಡುವವರಿಗೂ ಕೇಳುವವರಿಗೂ ಇಲ್ಲಿಯೇ ಗೊಂದಲ. ವೈದ್ಯಕೀಯ ಚಿತ್ರಗಳಿಗೆಂದೇ ಡೈಕಾಮ್ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆ ಹೆಸರಿನಲ್ಲಿ ಅದು ರೂಪುಗೊಂಡದ್ದು 1993ರಲ್ಲಿ. ಡೈಕಾಮ್ ಕಡತದಲ್ಲಿ ಚಿತ್ರದ ಜೊತೆಗೆ ರೋಗಿಯ ಹೆಸರು, ಜನ್ಮದಿನಾಂಕ, ಚಿತ್ರ ತೆಗೆದ ದಿನ, ಯಂತ್ರದ ವಿವರಗಳೆಲ್ಲ ಬೆಸೆದುಕೊಂಡೇ ಇರುತ್ತವೆ. ಸೆನ್ಸರ್ ಸಾಮಾನ್ಯವಾಗಿ 12 ಬಿಟ್ ಅಥವಾ ಅದಕ್ಕಿಂತ ಹೆಚ್ಚಿನ ಆಳದಲ್ಲಿ ಚಿತ್ರ ಹಿಡಿಯುತ್ತದೆ. 12 ಬಿಟ್ ಎಂದರೆ ಕಪ್ಪಿನಿಂದ ಬಿಳಿಯವರೆಗೆ 4096 ಛಾಯೆಗಳು. ನಾವು ದಿನವೂ ಬಳಸುವ ಜೆಪೆಗ್ ಚಿತ್ರದಲ್ಲಿ ಬೂದುಬಣ್ಣದ ಛಾಯೆಗಳು 256 ಮಾತ್ರ, ಅದರ ಮೇಲೆ ಗಾತ್ರ ಕುಗ್ಗಿಸಲು ಒಂದಷ್ಟು ವಿವರವನ್ನೂ ಅದು ಬಿಟ್ಟುಕೊಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಇನ್ನೊಮ್ಮೆ ಕುಗ್ಗಿ, ದಿನಾಂಕದಂಥ ಒಳಮಾಹಿತಿಯನ್ನೂ ಕಳೆದುಕೊಳ್ಳುತ್ತದೆ. ದಪ್ಪ ಹುಳುಕನ್ನು ನೋಡಲು ಇಷ್ಟೇ ಸಾಕೆನ್ನಬಹುದು. ಆದರೆ ಬೇರಿನ ತುದಿಯ ತೆಳು ನೆರಳಿಗೆ, ಎನಾಮೆಲ್‌ನಲ್ಲಿ ಈಗಷ್ಟೇ ಹುಟ್ಟಿದ ಹುಳುಕಿಗೆ ಸಾಲದು. ಡೈಕಾಮ್ ಕೊಡಲಾಗದು ಎಂದರೆ ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಾದರೂ ಕೊಡಿ ಎನ್ನಬಹುದು. ಅವು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸುವಾಗ ವಿವರ ಕಳೆಯುವುದಿಲ್ಲ. ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಆಗಿದ್ದರೆ ಮಾತ್ರ ರಾಜಿ ಬೇಡ, ಡೈಕಾಮ್ ಆಗಲೇಬೇಕು. ನೂರಾರು ಸೀಳುಚಿತ್ರಗಳ ಆ ಕಟ್ಟಿನಿಂದ ಎರಡು ಚಿತ್ರ ಹೆಕ್ಕಿ ಕಾಗದದ ಮೇಲೆ ಮುದ್ರಿಸಿಕೊಟ್ಟರೆ ಮುಂದಿನ ವೈದ್ಯರಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ಇನ್ನು ಹಲ್ಲಿನ ಸಂಖ್ಯೆ. ಇದನ್ನು ಓದಿ ಯಾರಾದರೂ ನಕ್ಕರೂ ಸರಿ, ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಇದೇ. ಜಗತ್ತಿನ ಬಹುಪಾಲು ದೇಶಗಳು ವಿಶ್ವ ದಂತ ಒಕ್ಕೂಟದ ಎರಡಂಕಿಯ ಪದ್ಧತಿಯನ್ನು ಬಳಸುತ್ತವೆ. ಅಮೆರಿಕದಲ್ಲಿ 1ರಿಂದ 32ರವರೆಗೆ ಸಾಲಾಗಿ ಎಣಿಸುವ ಬೇರೆಯದೇ ಪದ್ಧತಿಯಿದೆ. ಮೊದಲನೆಯದರಲ್ಲಿ ಮೊದಲ ಅಂಕಿ ಬಾಯಿಯ ನಾಲ್ಕು ಭಾಗಗಳಲ್ಲಿ ಯಾವುದು ಎಂಬುದನ್ನೂ, ಎರಡನೆಯದು ಮಧ್ಯರೇಖೆಯಿಂದ ಎಷ್ಟನೆಯ ಹಲ್ಲು ಎಂಬುದನ್ನೂ ಹೇಳುತ್ತದೆ. ಹಾಗಾಗಿ ಒಂದು ವರದಿಯಲ್ಲಿ 14 ಎಂದಿದ್ದರೆ, ಒಂದು ಪದ್ಧತಿಯ ಪ್ರಕಾರ ಅದು ಮೇಲ್ದವಡೆಯ ಬಲಬದಿಯ ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆಹಲ್ಲು, ಇನ್ನೊಂದರ ಪ್ರಕಾರ ಮೇಲ್ದವಡೆಯ ಎಡಬದಿಯ ಮೊದಲ ದೊಡ್ಡ ದವಡೆಹಲ್ಲು. 18 ಎಂದರೆ ಒಬ್ಬರಿಗೆ ಮೇಲೆ ಬಲಗಡೆಯ ಬುದ್ಧಿಹಲ್ಲು, ಮತ್ತೊಬ್ಬರಿಗೆ ಕೆಳಗೆ ಎಡಗಡೆಯ ಎರಡನೆಯ ದವಡೆಹಲ್ಲು. 18ನ್ನು ಕೀಳಬೇಕು ಎಂಬ ಒಂದು ಸಾಲಿನ ಚೀಟಿ ಹಿಡಿದು ದೇಶ ಬದಲಿಸಿದವನ ಗತಿಯನ್ನು ಊಹಿಸಿಕೊಳ್ಳಿ. ವೈದ್ಯರು ಬಾಯಿ ನೋಡದೆ ಕೀಳುವುದಿಲ್ಲ ನಿಜ. ಆದರೂ ವರದಿಯಲ್ಲಿ ಸಂಖ್ಯೆಯ ಜೊತೆಗೆ ಮೇಲೋ ಕೆಳಗೋ, ಎಡವೋ ಬಲವೋ, ಎಷ್ಟನೆಯದು ಎಂದು ಮಾತಿನಲ್ಲಿಯೂ ಬರೆಸಿಕೊಳ್ಳುವುದು ಕ್ಷೇಮ.

ದಿನಾಂಕದ್ದೂ ಅದೇ ತೊಡಕು. 03/04 ಎಂಬುದು ಒಂದೆಡೆ ಏಪ್ರಿಲ್ 3, ಇನ್ನೊಂದೆಡೆ ಮಾರ್ಚ್ 4. ಹೆಸರಿನಲ್ಲಿ ಒಂದು ದೇಶ ಮನೆತನದ ಹೆಸರನ್ನು ಮೊದಲಿಟ್ಟರೆ ಇನ್ನೊಂದು ಕೊನೆಗಿಡುತ್ತದೆ; ಮೂರು ಚಿಕಿತ್ಸಾಲಯಗಳಲ್ಲಿ ನಾನು ಮೂರು ಬೇರೆ ಬೇರೆ ಮನುಷ್ಯರಾಗಿ ದಾಖಲಾಗಿದ್ದೇನೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಸಿ, ತಿಂಗಳನ್ನು ಅಕ್ಷರದಲ್ಲಿ ಬರೆಸಿದರೆ ಈ ತಲೆನೋವು ತಪ್ಪುತ್ತದೆ.

ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ದವಡೆಯ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ತಿರುಪಿಗೂ ಅದರ ಮೇಲಿನ ಕೃತಕ ಹಲ್ಲಿಗೂ ನಡುವೆ ಜೋಡಿಸುವ ಭಾಗವೊಂದಿರುತ್ತದೆ. ಅದರ ಸ್ಕ್ರೂ ಸಡಿಲವಾದರೆ ಬಿಗಿಗೊಳಿಸಲು ಆಯಾ ಕಂಪನಿಯ, ಆಯಾ ಅಳತೆಯ ಉಪಕರಣವೇ ಬೇಕು, ಮತ್ತು ಮಾರುಕಟ್ಟೆಯಲ್ಲಿ ಇಂಥ ನೂರಾರು ಮಾದರಿಗಳಿವೆ. ಬಾಯಿಯಲ್ಲಿ ಇರುವುದು ಯಾವ ಇಂಪ್ಲಾಂಟ್ ಎಂದು ಹೇಳಲು ಬಾರದ ರೋಗಿ ಬಂದಾಗ, ಹೊಸ ದೇಶದ ವೈದ್ಯರು ಎಕ್ಸ್‌ರೇಯಲ್ಲಿ ಕಾಣುವ ತಿರುಪಿನ ಎಳೆಗಳ ಆಕಾರ, ಆ ತಿರುಪಿನ ಕುತ್ತಿಗೆಯ ರೂಪ ನೋಡಿ ಗುರುತಿಸಲು ಹೆಣಗುತ್ತಾರೆ. ಇಂಪ್ಲಾಂಟ್ ಕೂರಿಸಿದ ದಿನದ ಚಿತ್ರ, ಅದರ ಪೊಟ್ಟಣದ ಮೇಲಿದ್ದ ಚೀಟಿ, ಇವೆರಡೂ ಜೊತೆಗಿದ್ದರೆ ಅರ್ಧ ಗಂಟೆಯ ಕೆಲಸ. ಇಲ್ಲವಾದರೆ ಕೆಲವೊಮ್ಮೆ ಒಳ್ಳೆಯ ಕ್ರೌನ್ ಒಡೆಯುವವರೆಗೂ ಹೋಗುತ್ತದೆ. ಮೇಲಾಗಿ, ಇಂಪ್ಲಾಂಟ್ ಸುತ್ತ ಮೂಳೆ ಇಳಿಯುತ್ತಿದೆಯೇ ಎಂದು ಮುಂದೆ ಅಳೆಯುವುದು ಆ ಮೊದಲ ಚಿತ್ರದ ಮಟ್ಟದಿಂದಲೇ.

ಇದೆಲ್ಲ ಕೇಳಿದವರು ಸಾಮಾನ್ಯವಾಗಿ ಕೇಳುವ ಮರುಪ್ರಶ್ನೆ ವಿಕಿರಣದ ಕುರಿತದ್ದು: ಮತ್ತೆ ಮತ್ತೆ ಎಕ್ಸ್‌ರೇ ತೆಗೆಸಿದರೆ ಅಪಾಯವಲ್ಲವೇ? ಈ ಭಯವನ್ನು ಹಿಗ್ಗಿಸಿ ನನ್ನ ವಾದಕ್ಕೆ ಬಲ ತಂದುಕೊಳ್ಳುವ ಮನಸ್ಸು ನನಗಿಲ್ಲ. ಮಣ್ಣು, ಗಾಳಿ, ಆಕಾಶಗಳಿಂದ ಪ್ರತಿಯೊಬ್ಬರ ಮೈಗೂ ತಾಗುವ ಸಹಜ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ಸೀವರ್ಟ್ ಎಂಬುದು ಮೈಗೆ ತಾಗುವ ವಿಕಿರಣದ ಅಳತೆ), ಅಂದರೆ ದಿನಕ್ಕೆ ಆರೇಳು ಮೈಕ್ರೋಸೀವರ್ಟ್. ಇಂದಿನ ಸೆನ್ಸರಿನಿಂದ ತೆಗೆಯುವ ಒಂದು ಸಣ್ಣ ಹಲ್ಲಿನ ಚಿತ್ರದ ಪ್ರಮಾಣ ಸಾಮಾನ್ಯವಾಗಿ ಇಂಥ ಒಂದು ದಿನದ ಪಾಲಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೇ ಇರುತ್ತದೆ. ಇಡೀ ದವಡೆಯನ್ನು ತೋರಿಸುವ ಒಪಿಜಿ ಕೆಲವು ದಿನಗಳ ಪಾಲಿನಷ್ಟು. ಸಿಬಿಸಿಟಿಯದು ಬೇರೆ ಲೆಕ್ಕ: ಸ್ಕ್ಯಾನ್ ಮಾಡುವ ಭಾಗದ ಗಾತ್ರ, ಯಂತ್ರದ ಹೊಂದಿಕೆಗಳಿಗೆ ತಕ್ಕಂತೆ ಅದು ಹತ್ತಾರು ಮೈಕ್ರೋಸೀವರ್ಟ್‌ನಿಂದ ನೂರಾರರವರೆಗೂ ಏರುತ್ತದೆ, ಹಾಗಾಗಿ ಅದನ್ನು ಸುಮ್ಮನೆ ಪುನರಾವರ್ತಿಸಬಾರದು. ಒಂದು ದೇಶದಲ್ಲಿ ಸೀಸದ ಹೊದಿಕೆ ಹಾಕಿ, ಇನ್ನೊಂದರಲ್ಲಿ ಹಾಕದಿದ್ದಾಗ ಗಾಬರಿಯಾಗುವವರೂ ಇದ್ದಾರೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಹೊಟ್ಟೆಯ ಹೊದಿಕೆಯಾಗಲಿ ಕುತ್ತಿಗೆಯ ಪಟ್ಟಿಯಾಗಲಿ ಇನ್ನು ಅಗತ್ಯವಿಲ್ಲ, ಕಿರಣವನ್ನು ಬೇಕಾದಷ್ಟೇ ಜಾಗಕ್ಕೆ ಆಯತಾಕಾರದಲ್ಲಿ ಮಿತಿಗೊಳಿಸುವುದು ಮುಖ್ಯ ಎಂದು ಶಿಫಾರಸು ಮಾಡಿದೆ. ಎಲ್ಲ ದೇಶಗಳ ನಿಯಮಗಳೂ ಇನ್ನೂ ಹಾಗೆ ಬದಲಾಗಿಲ್ಲ. ಹೊದಿಕೆ ಇಲ್ಲದ್ದು ಅಸಡ್ಡೆಯ ಗುರುತಲ್ಲ. ಅಸಡ್ಡೆಯ ಗುರುತು ಬೇರೆಯೇ ಇದೆ: ಹಿಂದಿನ ತಿಂಗಳ ಚಿತ್ರ ಇದೆಯೇ ಎಂದು ಕೇಳದೆ, ಬಾಯಿಯನ್ನೂ ನೋಡದೆ, ಹೊಸ ರೋಗಿ ಎಂಬ ಒಂದೇ ಕಾರಣಕ್ಕೆ ಎಲ್ಲ ಹಲ್ಲುಗಳ ಚಿತ್ರ ತೆಗೆಯುವುದು. ಪ್ರಮಾಣ ಎಷ್ಟೇ ಸಣ್ಣದಿರಲಿ, ಪ್ರತಿ ಚಿತ್ರಕ್ಕೂ ಸಮರ್ಥನೆ ಇರಬೇಕು ಎಂಬುದು ವಿಕಿರಣ ಸುರಕ್ಷತೆಯ ಮೊದಲ ತತ್ವ. ಇರುವ ಚಿತ್ರವನ್ನೇ ಮತ್ತೆ ತೆಗೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಕಡತ ಕೇಳುವುದು ವೈದ್ಯರನ್ನು ಅನುಮಾನಿಸಿದಂತೆ ಎಂದು ಹಿಂಜರಿಯುವವರು ನಮ್ಮಲ್ಲಿ ಬಹಳ. ಅದು ಅನೇಕ ಕಡೆ ಕಾನೂನಿನ ಹಕ್ಕು. ಜರ್ಮನಿಯ ರೋಗಿಯೊಬ್ಬರು ತಮ್ಮ ದಂತವೈದ್ಯರಿಂದ ದಾಖಲೆಗಳ ಪ್ರತಿ ಕೇಳಿದಾಗ ವೈದ್ಯರು ಖರ್ಚು ಕೊಟ್ಟರೆ ಮಾತ್ರ ಎಂದ ವ್ಯಾಜ್ಯ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೂ ಹೋಗಿ, ಮೊದಲ ಪ್ರತಿಯನ್ನು ಉಚಿತವಾಗಿಯೇ ಕೊಡಬೇಕು, ಏಕೆ ಬೇಕೆಂದು ರೋಗಿ ಕಾರಣ ಹೇಳಬೇಕಿಲ್ಲ ಎಂದು 2023ರ ಅಕ್ಟೋಬರ್ 26ರಂದು ತೀರ್ಪಾಯಿತು. ಹಲ್ಲಿನ ಕಡತವೊಂದು ಇಷ್ಟು ದೊಡ್ಡ ತೀರ್ಪಿಗೆ ಕಾರಣವಾಯಿತಲ್ಲ ಎಂದು ನನಗೆ ಒಂದು ಬಗೆಯ ಸಮಾಧಾನವಿದೆ. ರೋಗಿಗಳ ಆರೋಗ್ಯ ಮಾಹಿತಿಗೆ ಸಂಬಂಧಿಸಿದ ಅಮೆರಿಕದ ಹಿಪಾ ಕಾನೂನಿನಡಿ ಸಾಮಾನ್ಯವಾಗಿ 30 ದಿನಗಳೊಳಗೆ ಕೊಡಬೇಕು. ಅಲ್ಲಿ ಪ್ರತಿಯ ಖರ್ಚಿಗೆ ತಕ್ಕ ಶುಲ್ಕ ಪಡೆಯಬಹುದು. ನೀವಿರುವ ದೇಶದಲ್ಲಿ ನಿಯಮ ಏನಿದೆಯೋ ಅದನ್ನು ತಿಳಿದುಕೊಂಡು, ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಕೇಳಿ.

ಕಡತ ಕೈಗೆ ಬಂದ ಮೇಲೆ ಅದನ್ನು ದುಡುಕಿನಿಂದ ಬಳಸುವ ಅಪಾಯವೂ ಉಂಟು. ಎಕ್ಸ್‌ರೇ ಕಳುಹಿಸಿ, ಒಂದು ಗಂಟೆಯಲ್ಲಿ ಚಿಕಿತ್ಸೆಯ ಯೋಜನೆ ಪಡೆಯಿರಿ, ರಜೆಯಲ್ಲಿ ಬಂದು ಹಲ್ಲು ಕಟ್ಟಿಸಿಕೊಳ್ಳಿ ಎಂಬ ಜಾಹೀರಾತುಗಳು ಪರದೇಶವಾಸಿಗಳನ್ನೇ ಗುರಿಯಾಗಿಟ್ಟುಕೊಂಡು ಬರುತ್ತವೆ. ದೂರದಲ್ಲಿರುವ ಪರಿಚಿತ ವೈದ್ಯರಿಗೆ ಚಿತ್ರ ಕಳುಹಿಸಿ ಎರಡನೆಯ ಅಭಿಪ್ರಾಯ ಕೇಳುವುದು ಒಳ್ಳೆಯದೇ. ಆದರೆ ಸಾಮಾನ್ಯ ಎಕ್ಸ್‌ರೇ ಮೂರು ಆಯಾಮದ ಹಲ್ಲಿನ ಚಪ್ಪಟೆ ನೆರಳು. ಹಲ್ಲಿನ ನರ ಜೀವಂತವಿದೆಯೇ ಎಂಬುದು ತಂಪು ತಾಗಿಸಿ ನೋಡಿದಾಗ, ಬೇರಿನ ಸುತ್ತ ನೋವಿದೆಯೇ ಎಂಬುದು ತಟ್ಟಿದಾಗ, ವಸಡಿನ ಸ್ಥಿತಿ ಅದರ ಆಳ ಅಳೆದಾಗ ತಿಳಿಯಬೇಕಾದದ್ದು. ಬೇರಿನ ಉದ್ದದ ಬಿರುಕು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಚಿತ್ರ ಮಾತ್ರ ನೋಡಿ ಹಲ್ಲು ಕೀಳಲು ಹೇಳುವವರನ್ನು ನಾನಂತೂ ನಂಬೆ.

ಒಂದು ಅಪ್ರಿಯ ಮಾತನ್ನೂ ಇಲ್ಲಿ ಸೇರಿಸುವೆ. ದೊಡ್ಡ ದುರಂತಗಳಲ್ಲಿ ಮೃತರನ್ನು ಗುರುತಿಸಲು ಇಂಟರ್‌ಪೋಲ್ ಮುಖ್ಯವೆಂದು ಒಪ್ಪಿರುವ ಮೂರು ಆಧಾರಗಳೆಂದರೆ ಬೆರಳಚ್ಚು, ಡಿಎನ್‌ಎ ಮತ್ತು ಹಲ್ಲಿನ ದಾಖಲೆ. 2004ರ ಸುನಾಮಿಯಲ್ಲಿ ಥಾಯ್ಲೆಂಡಿನಲ್ಲಿ ಮಡಿದ ಎಷ್ಟೋ ವಿದೇಶೀಯರ ದೇಹಗಳು ಮನೆಯವರಿಗೆ ಮರಳಿದ್ದು, ಅವರ ದೇಶದ ದಂತವೈದ್ಯರು ಕಳುಹಿಸಿದ ಹಳೆಯ ದಾಖಲೆಗಳು ತಾಳೆಯಾದದ್ದರಿಂದ. ಪರದೇಶದಲ್ಲಿರುವವರು ಕಡತದ ಒಂದು ಪ್ರತಿಯನ್ನು ಮನೆಯವರೊಬ್ಬರ ಬಳಿಯೂ ಇರಿಸಿದರೆ ತಪ್ಪಿಲ್ಲ.

ದಂತವೈದ್ಯರಲ್ಲಿ ನನ್ನ ವಿನಂತಿ ಸಣ್ಣದು. ರೋಗಿ ದೇಶ ಬಿಡುತ್ತಿದ್ದಾನೆ ಎಂದು ತಿಳಿದಾಗ ಅವನು ಕೇಳುವವರೆಗೆ ಕಾಯದೆ ಮೂಲ ಚಿತ್ರಗಳನ್ನೂ, ಯಾವ ಹಲ್ಲಿಗೆ ಯಾವಾಗ ಏನು ಮಾಡಲಾಯಿತು ಎಂಬ ಒಂದು ಪುಟದ ಟಿಪ್ಪಣಿಯನ್ನೂ ಕೊಟ್ಟು ಕಳುಹಿಸಲಿ. ಕೊಡಲು ಹಿಡಿಯುವುದು ಐದು ನಿಮಿಷ. ವರ್ಷಗಳ ನಂತರ ಯಾರೋ ಅಪರಿಚಿತ ಸಿಬ್ಬಂದಿ ಹುಡುಕಲು ಹೊರಟರೆ ಎಷ್ಟು ಹಿಡಿಯುತ್ತದೆ ಎಂಬುದನ್ನು ನಾನು ಕಂಡಿದ್ದೇನೆ.

ತಮ್ಮಲ್ಲಿಯೂ ಒಂದು ಕೋರಿಕೆ. ತಮ್ಮ ಆರೋಗ್ಯ ಪುಟದಲ್ಲಿ ಎಂದಾದರೂ ಎರಡು ಸಂಖ್ಯಾಪದ್ಧತಿಗಳಲ್ಲಿಯೂ ಗುರುತು ಹಾಕಿದ ಬಾಯಿಯ ಚಿತ್ರವೊಂದನ್ನು, ಎಡ ಬಲಗಳನ್ನು ಸ್ಪಷ್ಟವಾಗಿ ನಮೂದಿಸಿ ಮುದ್ರಿಸಿದರೆ, ಕತ್ತರಿಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳುವ ಓದುಗ ನಾನೊಬ್ಬನೇ ಆಗಿರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಹೊರದೇಶದಲ್ಲಿ ನೆಲೆಸಿರುವ ಓದುಗ